ಹದಿಮೂರನೆಯ ವಚನದ ಹಿಂದೆ ಮುಂದೆ

ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ 13ನೆಯ ವಚನವನ್ನು ನಾವು ಗೋಡೆಗೆ ತೂಗುಹಾಕುತ್ತೇವೆ, ಪರೀಕ್ಷೆಗೆ ಹೊರಟ ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ತನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ತಾನು ಎಲ್ಲಕ್ಕೂ ಶಕ್ತನೆಂದು ಪೌಲನು ಅಲ್ಲಿ ಹೇಳುತ್ತಾನೆ. ಆ ‘ಎಲ್ಲ’ದೊಳಗೆ ನಾವು ಕೆಲಸ, ಬಡ್ತಿ, ಗೆಲುವುಗಳನ್ನು ತುಂಬಿಬಿಟ್ಟಿದ್ದೇವೆ. ಆದರೆ ಅವನು ಇದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಹಿಂದಿನ ವಚನದಲ್ಲಿ ಅವನು ಹೇಳುವುದು, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಹೇಗಿರಬೇಕೆಂಬುದನ್ನು ಕಲಿತಿದ್ದೇನೆ ಎಂದು. ಸೆರೆಯ ಬಾಗಿಲು ತೆರೆಯದಿದ್ದರೂ ಕುಗ್ಗದೆ ಇರಬಲ್ಲೆ ಎಂಬುದೇ ಆ ‘ಶಕ್ತ’ ಎಂಬ ಮಾತಿನ ಅರ್ಥವೆಂದು ನನಗೆ ತೋರುತ್ತದೆ.

ಇದನ್ನು ನಾನು ಓದಿ ತಿಳಿದದ್ದಕ್ಕಿಂತ ಎಡವಿ ತಿಳಿದದ್ದೇ ಹೆಚ್ಚು. ತಾಯಿ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ, ರಾತ್ರಿ ಜೊತೆಗಿರಲೇ ಎಂದು ನಮ್ಮ ಚರ್ಚಿನ ಸಭೆಯವರು ಕೇಳಿದಾಗಲೆಲ್ಲ, ದೇವರು ಬಲ ಕೊಡುತ್ತಿದ್ದಾನೆ, ನೀವು ಪ್ರಾರ್ಥಿಸಿದರೆ ಸಾಕು ಎಂದು ಹೇಳಿ ಕಳಿಸಿಬಿಡುತ್ತಿದ್ದೆ. ಕೇಳಿದವರು ಅದನ್ನು ವಿಶ್ವಾಸವೆಂದುಕೊಂಡರು. ನಾನೂ ಹಾಗೆಯೇ ನಂಬಿದ್ದೆ. ಒಂದು ಸಂಜೆ ಔಷಧದ ಲೆಕ್ಕ ತಪ್ಪಿತು, ಆ ಸಿಟ್ಟಿನಲ್ಲಿ ತಾಯಿಯ ಮೇಲೆಯೇ ರೇಗಿದೆ, ಆಮೇಲೆ ಮೊಣಕಾಲೂರಿದರೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅಂದು ರಾತ್ರಿ ಸಭೆಯ ವಯಸ್ಸಾದ ತಾಯಿಯೊಬ್ಬರು ಯಾರೂ ಕರೆಯದೆಯೇ ಬಂದು, “ನೀನು ಹೋಗಿ ಮಲಗು ಮಗಾ, ನಾನು ಕೂತಿರ್ತೀನಿ” ಎಂದರು. ಬೇಡವೆನ್ನುವಷ್ಟು ಹಮ್ಮು ಆಗ ನನ್ನಲ್ಲಿ ಉಳಿದಿರಲಿಲ್ಲ.

ಬೆಳಿಗ್ಗೆ ನೆನಪಾದವನು ಎಲೀಯ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಆ ಪ್ರವಾದಿ, ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ಅಡವಿಗೆ ಓಡಿ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ, ವಿಶ್ವಾಸವೆಲ್ಲಿ ಹೋಯಿತೆಂದು ಕೇಳುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು, ನಿದ್ದೆ. ಎದ್ದ ಮೇಲೆ ಮತ್ತೆ ರೊಟ್ಟಿ, ಮತ್ತೆ ನೀರು. ಆ ಊಟದ ಬಲದಿಂದ ಅವನು 40 ದಿನ ಹಗಲಿರುಳು ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದನೆಂದು 1 ಅರಸುಗಳು 19ನೆಯ ಅಧ್ಯಾಯ ಹೇಳುತ್ತದೆ. ಬಳಲಿದವರಿಗೆ ವಿಶ್ವಾಸ ಸಾಲದೆಂದು ಉಪದೇಶಿಸುವವರು (ನಾನೂ ಒಂದು ಕಾಲಕ್ಕೆ ಉಪದೇಶಿಸಿದವನೇ) ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ಏಳುವವರು ಬಹುಪಾಲು ರೋಗ ವಾಸಿಯಾದವರು, ಸಾಲ ತೀರಿದವರು. ಪೌಲನ ಸಾಕ್ಷಿ ಆ ಸಾಲಿಗೆ ಸೇರುವುದಿಲ್ಲ. ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಅವನು 3 ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಕೃಪೆಯೇ ಸಾಕು, ಬಲಹೀನತೆಯಲ್ಲಿಯೇ ಬಲವು ಪೂರ್ಣಗೊಳ್ಳುತ್ತದೆ ಎಂಬ ಉತ್ತರ ಮಾತ್ರ ಸಿಕ್ಕಿತು. ಇಸ್ರಾಯೇಲ್ಯರ ನಾಯಕ ಗಿದ್ಯೋನನ ಸೈನ್ಯವನ್ನೂ ದೇವರು 32,000ದಿಂದ 300ಕ್ಕೆ ಇಳಿಸಿದ್ದು, ಸ್ವಂತ ಕೈಯಿಂದಲೇ ಗೆದ್ದೆವೆಂದು ಇಸ್ರಾಯೇಲ್ಯರು ಹೆಚ್ಚಳಪಡಬಾರದೆಂದೇ.

ಹಾಗಾದರೆ ಕೈಕಟ್ಟಿ ಕೂರಬೇಕೇ ಎಂದು ಕೇಳಬಹುದು. ಎಲ್ಲ ಅಪೊಸ್ತಲರಿಗಿಂತ ಹೆಚ್ಚು ಪ್ರಯಾಸಪಟ್ಟೆ, ಆದರೂ ಪ್ರಯಾಸಪಟ್ಟದ್ದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆ ಎಂದು ಕೊರಿಂಥದವರಿಗೆ ಬರೆದವನೂ ಇದೇ ಪೌಲ. ದುಡಿಮೆ ಕಡಿಮೆಯಾಗುವುದಿಲ್ಲ, ಅದರ ಲೆಕ್ಕ ಯಾರ ಹೆಸರಿಗೆ ಎಂಬುದಷ್ಟೇ ಬದಲಾಗುತ್ತದೆ.

ನಾವು ಗೋಡೆಗೆ ಹಾಕದ 14ನೆಯ ವಚನ ಒಂದಿದೆ. ಎಲ್ಲಕ್ಕೂ ಶಕ್ತನೆಂದ ಮರುಗಳಿಗೆಯಲ್ಲೇ ಪೌಲನು, ಆದರೂ ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. ಫಿಲಿಪ್ಪಿಯವರ ಸಹಾಯವನ್ನು ಸೆರೆಯವರೆಗೆ ಹೊತ್ತು ತಂದವನು ಎಪಫ್ರೊದೀತ. ಆ ಸೇವೆಯಲ್ಲಿ ಅವನೂ ಸಾಯುವಷ್ಟು ಕಾಯಿಲೆ ಬಿದ್ದಿದ್ದನು.