ಅಪ್ಪನ ಮಾರಿಸ್ ಮೈನರ್‌ಗೆ ಹೊಸ ಸಸ್ಪೆನ್ಷನ್ ಬೇಕಾ?

ಕಟಪಾಡಿಯ ನಮ್ಮ ಮನೆಯ ಶೆಡ್ಡಿನಲ್ಲಿ 1957ರ ಒಂದು ಮಾರಿಸ್ ಮೈನರ್ ಕಾರು ಇದೆ. ಅಪ್ಪ ಬಿಟ್ಟುಹೋದದ್ದು. ಈಗ ಅದರ ಮುಂದಿನ ಬಲಭಾಗ ಮರದ ದಿಮ್ಮಿಯ ಮೇಲೆ ಕೂತಿದೆ. ಸರಿಮಾಡಲು ಎರಡು ದಾರಿ. ಹಳೆಯ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಸಸ್ಪೆನ್ಷನ್‌ಗೇ ಹೊಸ ಭಾಗ ತಂದು ಕೂರಿಸುವುದು ಒಂದು. ಅದನ್ನು ಪೂರ್ತಿ ಬಿಚ್ಚಿ ಕಾಯಿಲ್ ಸ್ಪ್ರಿಂಗ್ ಕಿಟ್ ಹಾಕುವುದು ಇನ್ನೊಂದು. ಮಾತಾಡಿ ಮಾತಾಡಿ ಬಗೆಹರಿಯಲಿಲ್ಲ. ಅದಕ್ಕೇ ಇಬ್ಬರೂ ಬರೆದಿದ್ದೇವೆ. ಮೊದಲು ತಂಗಿ, ಆಮೇಲೆ ಅಣ್ಣ.

ಪರ: ಕಾಯಿಲ್ ಸ್ಪ್ರಿಂಗ್ ಹಾಕೋಣ

ಚಕ್ರ ಮಡಚಿದಾಗ ಸ್ಟೇರಿಂಗ್ ಹಿಡಿದಿದ್ದವಳು ನಾನು. ಮಣಿಪಾಲದಿಂದ ಬಂದು, ಹೆದ್ದಾರಿ ಬಿಟ್ಟು, ನಮ್ಮ ಓಣಿಗೆ ತಿರುಗುತ್ತಿದ್ದೆ. ನಡೆದು ಹೋಗುವವರಿಗಿಂತ ಸ್ವಲ್ಪ ಜಾಸ್ತಿ ವೇಗ, ಅಷ್ಟೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದೆ. ಟಕ್ ಅಂತ ಸದ್ದಾಯಿತು. ಕಾರಿನ ಮೂಲೆ ನೆಲಕ್ಕೆ ಕುಕ್ಕರಿಸಿತು. ಇಳಿದು ನೋಡಿದರೆ ಬಲಚಕ್ರ ಮಡ್‌ಗಾರ್ಡ್ ಅಡಿಯಲ್ಲಿ ಮಡಚಿಕೊಂಡು ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಐದು ನಿಮಿಷ ಮೊದಲು ನಾವು ಹೆದ್ದಾರಿ 66ರಲ್ಲಿ ಬಸ್ಸುಗಳ ನಡುವೆ ಅರವತ್ತರ ವೇಗದಲ್ಲಿ ಬರುತ್ತಿದ್ದೆವು. ಆ ಐದು ನಿಮಿಷ ನನಗೆ ಇನ್ನೂ ನಿದ್ದೆಯಲ್ಲಿ ಬರುತ್ತದೆ.

ಆದದ್ದೇನು? ಈ ಕಾರಿನ ಮುಂದಿನ ಚಕ್ರ ಕಿಂಗ್‌ಪಿನ್ ಎಂಬ ನೆಟ್ಟಗಿನ ಪಿನ್ನು ಹಿಡಿದು ನಿಂತಿದೆ. ಪಿನ್ನಿನ ಎರಡೂ ತುದಿಯಲ್ಲಿ ಥ್ರೆಡ್ ಉಂಟು. ಮೇಲೊಂದು, ಕೆಳಗೊಂದು ಟ್ರನಿಯನ್. ಪಿನ್ನು ಅವುಗಳೊಳಗೆ ಬೋಲ್ಟು ನಟ್ಟಿನ ಹಾಗೆ ಕೂತಿರುತ್ತದೆ. ಪ್ರತಿ ಸಲ ಸ್ಟೇರಿಂಗ್ ತಿರುಗಿಸಿದಾಗ ಆ ಥ್ರೆಡ್ಡೇ ಉಜ್ಜುತ್ತದೆ. ಗ್ರೀಸ್ ಇದ್ದರೆ ಏನೂ ಆಗದು. ಇಲ್ಲದಿದ್ದರೆ ಥ್ರೆಡ್ ಸವೆದು ಸವೆದು, ಒಂದು ದಿನ ಪಿನ್ನು ಕೆಳಗಿನ ಟ್ರನಿಯನ್‌ನಿಂದ ಕಿತ್ತು ಬರುತ್ತದೆ. ಮಾರಿಸ್ ಮೈನರ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಭಯ ಇದು. ಹೆಚ್ಚಾಗಿ ನಿಧಾನ ತಿರುವಿನಲ್ಲೇ ಆಗುತ್ತದೆ ಎಂದು ಸಮಾಧಾನ ಹೇಳುತ್ತಾರೆ. ಹೆಚ್ಚಾಗಿ ಅಂದರೆ ಯಾವಾಗಲೂ ಅಂತ ಅಲ್ವಲ್ಲ.

ಗ್ರೀಸ್ ಹಾಕಿಸಿರಲಿಲ್ಲವಾ ಎಂದು ಕೇಳಬಹುದು. ಹಾಕಿಸಿದ್ದೆ. ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿ, ಗ್ರೀಸಿಂಗ್ ಎಂದು ಬರೆದ ಬಿಲ್ಲಿಗೆ ದುಡ್ಡನ್ನೂ ಕೊಟ್ಟಿದ್ದೆ. ಆದರೆ ಹಿಂದೆ ಪೇಂಟ್ ಹೊಡೆದಾಗ ಬಲಗಡೆಯ ಕೆಳಗಿನ ನಿಪ್ಪಲ್ (ಗ್ರೀಸ್ ಒತ್ತುವ ಚಿಕ್ಕ ಮೂತಿ) ಬಾಯಿಗೆ ಪೇಂಟ್ ಕೂತು ಗಟ್ಟಿಯಾಗಿತ್ತು. ಗ್ರೀಸ್ ಒಳಗೆ ಹೋಗಿಯೇ ಇರಲಿಲ್ಲ. ಯಾರೂ ನೋಡಲಿಲ್ಲ. ನನ್ನ ಪ್ರಶ್ನೆ ಇದೇ. ನಾಲ್ಕು ನಿಪ್ಪಲ್‌ಗಳಲ್ಲಿ ಒಂದು ಕಟ್ಟಿಕೊಂಡರೆ ಚಕ್ರವೇ ಕಳಚುವ ವ್ಯವಸ್ಥೆಯನ್ನು ನಂಬಿ ಮಕ್ಕಳನ್ನು ಕೂರಿಸಬೇಕಾ?

ಕಾಯಿಲ್ ಸ್ಪ್ರಿಂಗ್ ಕಿಟ್ಟಿನಲ್ಲಿ ಟ್ರನಿಯನ್ ಹೋಗಿ ಬಾಲ್ ಜಾಯಿಂಟ್ (ಗುಂಡು ಕೂತ ಕೀಲು) ಬರುತ್ತದೆ. ಮೇಲೆ ಕೆಳಗೆ ಹೊಸ ವಿಶ್‌ಬೋನ್, ಅಂದರೆ ಚಕ್ರ ಹಿಡಿಯುವ ಕವಲು ತೋಳು. ನಡುವೆ ಸ್ಪ್ರಿಂಗ್, ಅದರೊಳಗೇ ಈಗಿನ ಕಾರುಗಳ ಥರದ ಉದ್ದನೆಯ ಶಾಕ್ ಅಬ್ಸಾರ್ಬರ್. ಹಳೆಯದು ತೋಳಿರುವ ಎಣ್ಣೆಡಬ್ಬಿ. ಎಣ್ಣೆ ಸೋರುತ್ತಲೇ ಇರುತ್ತದೆ. ಮಳೆಗಾಲದ ಹೊಂಡಗಳಲ್ಲಿ, ಊರೂರಿನ ಹಂಪ್‌ಗಳಲ್ಲಿ ಕಾರಿನ ಮೂತಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಆಗುಂಬೆಯ ತಿರುವುಗಳಲ್ಲಿ ಇಳಿಯುವಾಗ ಕಾರು ವಾಲಿದರೆ ಪಕ್ಕದಲ್ಲಿ ಕೂತವರು ಬಾಗಿಲು ಹಿಡಿದುಕೊಳ್ಳುತ್ತಾರೆ. ಇತ್ತೀಚೆಗಂತೂ ಚಾಲಕನ ಕಡೆ ಕುಸಿದು ಕಾರೇ ವಾಲಿ ನಿಂತಿತ್ತು. ಕಾಯಿಲ್ ಆದರೆ ಎತ್ತರವನ್ನು ಒಂದು ಸ್ಪಾನರ್‌ನಲ್ಲಿ ತಿರುಗಿಸಿ ಸರಿಮಾಡಬಹುದು.

ಮೂಲ ವಿನ್ಯಾಸ ಮುಟ್ಟಬಾರದು ಎನ್ನುವ ಅಣ್ಣನ ಮಾತಿಗೆ ನನ್ನ ಉತ್ತರ ಕಾರಿನ ಬಾನೆಟ್ ಮೇಲೆಯೇ ಇದೆ. ನಡುವೆ ಒಂದು ಚಪ್ಪಟೆ ಪಟ್ಟಿ ಕಾಣುತ್ತದಲ್ಲ? ಇದನ್ನು ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್ ಅವರಿಗೆ ಕೊನೇ ಗಳಿಗೆಯಲ್ಲಿ ಕಾರು ತೀರಾ ಸಪೂರ ಅನ್ನಿಸಿತು. ಮಾದರಿಯನ್ನು ಉದ್ದಕ್ಕೆ ಸೀಳಿಸಿ ನಾಲ್ಕು ಇಂಚು ಅಗಲ ಮಾಡಿಸಿದರು. ಆಮೇಲೆ 1948ರಲ್ಲಿ ಕಾರು ಹೊರಬಂತು. ಮಾಡಿದವರೇ ಬದಲಾಯಿಸಲು ಹಿಂಜರಿಯಲಿಲ್ಲ. ನಾವು ಯಾಕೆ ಹಿಂಜರಿಯಬೇಕು? ಅಪ್ಪ ಈ ಕಾರನ್ನು ಪೂಜೆಗೆ ಇಟ್ಟದ್ದಲ್ಲ, ನಮ್ಮನ್ನು ಶಾಲೆಗೆ ಬಿಡಲು ಇಟ್ಟದ್ದು. ಅದು ಇನ್ನೂ ಓಡಬೇಕು, ಭಯವಿಲ್ಲದೆ ಓಡಬೇಕು.

ವಿರೋಧ: ಟಾರ್ಷನ್ ಬಾರ್ ಇರಲಿ

ಆ ದಿನ ಫೋನಿನಲ್ಲಿ ತಂಗಿಯ ದನಿ ಕೇಳಿದವನು ನಾನು. ಅವಳ ಭಯ ಸುಳ್ಳಲ್ಲ. ಆದರೆ ಅವಳೇ ಬರೆದದ್ದನ್ನು ಇನ್ನೊಮ್ಮೆ ಓದಿ. ಚಕ್ರ ಬಿದ್ದದ್ದು ಪೇಂಟ್ ಕಟ್ಟಿದ ನಿಪ್ಪಲ್‌ನಿಂದ. ಟಾರ್ಷನ್ ಬಾರ್ ಮುರಿಯಲಿಲ್ಲ. ಅದು ಈಗಲೂ ಸರಿಯಾಗಿದೆ. ಒಂದು ಟ್ರನಿಯನ್, ಒಂದು ಪಿನ್ನು ಸವೆದದ್ದಕ್ಕೆ ಇಡೀ ಮುಂಭಾಗ ಕಿತ್ತು ಹಾಕುವುದು ಯಾಕೆ?

ಟಾರ್ಷನ್ ಬಾರ್ ಅಂದರೆ ಕಾರಿನ ಉದ್ದಕ್ಕೆ ಅಡಿಯಲ್ಲಿ ಮಲಗಿರುವ ಉಕ್ಕಿನ ಸರಳು, ಒಂದೊಂದು ಕಡೆಗೆ ಒಂದೊಂದು. ಮುಂದಿನ ತುದಿ ಚಕ್ರದ ಕೆಳತೋಳಿಗೆ. ಹಿಂದಿನ ತುದಿ ಸೀಟಿನ ಅಡಿಯ ಅಡ್ಡ ತೊಲೆಗೆ, ಅಂದರೆ ಕ್ರಾಸ್ ಮೆಂಬರ್‌ಗೆ. ಚಕ್ರ ಮೇಲೇರಿದರೆ ಸರಳು ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಉಜ್ಜಲು ಏನಿಲ್ಲ, ಸೋರಲು ಏನಿಲ್ಲ. ಕಾರು ವಾಲಿದ್ದಕ್ಕೂ ಮದ್ದು ಅಲ್ಲೇ ಇದೆ. ಹಿಂದಿನ ತುದಿಯ ಲಿವರ್ ಕಳಚಿ, ಹಲ್ಲುಗಳ ಮೇಲೆ ಆಚೀಚೆ ಸರಿಸಿ ಕೂರಿಸಿದರೆ ಎತ್ತರ ಬರುತ್ತದೆ. ಒಂದೇ ಎಚ್ಚರಿಕೆ, ಬಲದ ಸರಳನ್ನು ಎಡಕ್ಕೆ ಹಾಕಬಾರದು. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿ ಪಳಗಿರುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಭಾರದ ವಿಷಯದಲ್ಲಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಈಗ ಸ್ಪ್ರಿಂಗಿನ ತಿರುಚುವ ಬಲವನ್ನು ಹಿಡಿದಿಡುವುದು ಹಿಂದಿನ ಕ್ರಾಸ್ ಮೆಂಬರ್. ಎಂಜಿನ್ ಪಕ್ಕದ ಮೇಲಿನ ತಗಡಿಗೆ ಬರುವುದು ಶಾಕ್ ಅಬ್ಸಾರ್ಬರ್ ಮತ್ತು ಅದರ ತೋಳಿನ ಬಲ ಮಾತ್ರ. ಕಾಯಿಲ್ ಹಾಕಿದ ಕೂಡಲೇ ಮುಂಭಾಗದ ಭಾರವೆಲ್ಲ ಆ ಮೇಲಿನ ಜಾಗಕ್ಕೆ ಬಂದು ಕೂರುತ್ತದೆ. ಅದು ಅದಕ್ಕಾಗಿ ಮಾಡಿದ ಜಾಗ ಅಲ್ಲ. ಹೊಸ ತಗಡಾದರೆ ಪಟ್ಟಿ ವೆಲ್ಡ್ ಮಾಡಿ ಗಟ್ಟಿ ಮಾಡಬಹುದು. ನಮ್ಮದು ಉಡುಪಿಯ ಅರುವತ್ತು ದಾಟಿದ ಮಳೆಗಾಲ ಕಂಡ ತಗಡು. ಇಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಮೇಲಿಂದ ಕಡಲಿನ ಉಪ್ಪುಗಾಳಿ. ಮೇಲೆ ಹೊಳೆಯುವ ಪೇಂಟ್, ಒಳಗೆ ಏನಿದೆಯೋ. ಅಲ್ಲಿ ಬಿರುಕು ಬಿಟ್ಟರೆ ಅದನ್ನು ಹೇಳುವ ನಿಪ್ಪಲ್ಲೂ ಇರುವುದಿಲ್ಲ.

ಬಾಲ್ ಜಾಯಿಂಟ್‌ಗೂ ಆಯಸ್ಸು ಉಂಟು. ರಬ್ಬರ್ ಬೂಟ್ ಹರಿದು ಕೆಸರು ನೀರು ಹೋದರೆ ಅದೂ ಸವೆಯುತ್ತದೆ, ಅದೂ ಕಳಚುತ್ತದೆ. ನೋಡಿಕೊಳ್ಳದಿದ್ದರೆ ಯಾವ ಸಸ್ಪೆನ್ಷನ್ನೂ ನಮ್ಮನ್ನು ಕಾಯುವುದಿಲ್ಲ.

ಟ್ರನಿಯನ್ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಚಕ್ರವನ್ನು ಜಾಕ್ ಕೊಟ್ಟು ಎತ್ತಬೇಕು. ಟಯರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಕಟಕಟ ಅಂದರೆ ಸಡಿಲವಾಗಿದೆ ಎಂದು ಅರ್ಥ. ಗ್ರೀಸ್ ಹಾಕುವಾಗಲೂ ಚಕ್ರ ಎತ್ತಿಯೇ ಇರಬೇಕು, ಇಲ್ಲದಿದ್ದರೆ ಭಾರ ಬೀಳುವ ಬದಿಗೆ ಗ್ರೀಸ್ ಹೋಗದು. ಹಳೆಯ ಗ್ರೀಸ್ ಅಂಚಿನಿಂದ ಹೊರಗೆ ಬರುವ ತನಕ ಒತ್ತಬೇಕು. ಬರದಿದ್ದರೆ ನಿಪ್ಪಲ್ ಕಟ್ಟಿದೆ. ಆ ಗ್ಯಾರೇಜಿನಲ್ಲಿ ಯಾರಾದರೂ ಇಷ್ಟು ನೋಡಿದ್ದರೆ ಸಾಕಿತ್ತು. ಅಪ್ಪ ಸಾವಿರ ಮೈಲಿಯ ಲೆಕ್ಕ ಇಟ್ಟಿದ್ದರು. ತಂಗಿ ವಾರಕ್ಕೆರಡು ಸಲ ಮಣಿಪಾಲಕ್ಕೆ ಹೋಗುವಷ್ಟಕ್ಕೆ ಆ ಸಾವಿರ ಮೈಲಿ ಮುಗಿಯಲು ಅರ್ಧ ವರ್ಷ ಬೇಕು. ಅಷ್ಟರಲ್ಲಿ ಒಂದು ಮಳೆಗಾಲವೇ ಬಂದು ಹೋಗಿರುತ್ತದೆ. ನಮ್ಮ ಕಡೆ ಮೈಲಿ ನೋಡುವುದಲ್ಲ, ಮಳೆ ನೋಡಬೇಕು. ಮೇ ಕೊನೆಗೊಮ್ಮೆ, ಆಮೇಲೆ ಮಳೆ ನಿಲ್ಲುವ ತನಕ ತಿಂಗಳಿಗೊಮ್ಮೆ. ಆ ಕೆಲಸ ನನ್ನದು. ಇಲ್ಲಿ ಬರೆದು ಕೊಡುತ್ತಿದ್ದೇನೆ.

ಇನ್ನೊಂದು ಮಾತು. ಅಂಬಾಸಿಡರ್‌ನ ಮುಂಭಾಗದಲ್ಲೂ ಇದ್ದದ್ದು ಟಾರ್ಷನ್ ಬಾರೇ. ಅಂಬಾಸಿಡರ್ ಟ್ಯಾಕ್ಸಿ ರಿಪೇರಿ ಮಾಡಿ ಕೈ ಪಳಗಿದ ಮೆಕ್ಯಾನಿಕ್‌ಗಳು ಉಡುಪಿ, ಮಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದನ್ನು ಕಲಿಸಬೇಕಾಗಿಲ್ಲ. ಟ್ರನಿಯನ್, ಪಿನ್ನು ಇಂಗ್ಲೆಂಡಿನಲ್ಲಿ ಇವತ್ತೂ ಹೊಸದಾಗಿ ಸಿಗುತ್ತವೆ. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಇದು, ಬೇಡಿಕೆ ಸುಮ್ನೆ ನಿಲ್ಲುವುದಿಲ್ಲ. ಕಿಟ್ಟಿನದ್ದು ಹಾಗಲ್ಲ. ಒಂದೊಂದು ಕಿಟ್ ಒಂದೊಂದು ಥರ. ತಯಾರಿಸಿದವರು ಬಾಗಿಲು ಹಾಕಿದರೆ ಆ ವಿಶ್‌ಬೋನ್‌ಗೆ ಬುಷ್ ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ಕಾನೂನೂ ಇದೆ. ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2021ರ ನಿಯಮದಲ್ಲಿ ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲಿ ಇರಬೇಕು. ಆ ನೋಂದಣಿ ಮಾಡಿಸಿದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ, ಹಾಗಾಗಿ ನಾವಿನ್ನೂ ಮಾಡಿಸಿಲ್ಲ. ಮುಂದೆ ಬೇಕಾದೀತು. ಕಾರಿನ ಬಾಡಿಯನ್ನು ವೆಲ್ಡ್ ಮಾಡಿದ ಮೇಲೆ ಆ ಬಾಗಿಲು ತೆರೆದಿರುತ್ತದಾ?

ಕುಣಿತದ ವಿಷಯದಲ್ಲಿ ಮಾತ್ರ ತಂಗಿಯ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಟಾರ್ಷನ್ ಬಾರ್ ಹಾಗೇ ಇಟ್ಟು ಉದ್ದನೆಯ ಶಾಕ್ ಅಬ್ಸಾರ್ಬರ್ ಮಾತ್ರ ಸೇರಿಸುವ ಚಿಕ್ಕ ಕಿಟ್ ಇದೆ. ಬೋಲ್ಟ್ ಹಾಕಿದರಾಯಿತು, ಬೇಡವಾದರೆ ಬಿಚ್ಚಬಹುದು. ಡಿಸ್ಕ್ ಬ್ರೇಕ್ ಬೇಕೆಂದರೂ ಅದಕ್ಕೆ ಕಾಯಿಲ್ ಸ್ಪ್ರಿಂಗ್ ಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ಈ ಕಾರಿಗೆ ಡಿಸ್ಕ್ ಬ್ರೇಕ್ ಕಾಯಿಲ್‌ಗಿಂತ ಮೊದಲು ಬರಬೇಕು. ಏಳು ಇಂಚಿನ ಡ್ರಮ್ ನಂಬಿ ಘಾಟಿ ಇಳಿಯುವುದು ನನಗೂ ಇಷ್ಟವಿಲ್ಲ.

ನಾನು ಸೋಲಲು ತಯಾರಿರುವ ಜಾಗ ಒಂದಿದೆ. ಕ್ರಾಸ್ ಮೆಂಬರ್‌ನ ಎರಡು ತುದಿಗಳು. ಮಾರಿಸ್ ಮೈನರ್ ಮೊದಲು ತುಕ್ಕು ಹಿಡಿಯುವ ಜಾಗಗಳಲ್ಲಿ ಅದೂ ಒಂದು, ಸರಳಿನ ಹಿಂದಿನ ತುದಿ ನಂಬಿಕೊಂಡಿರುವುದೂ ಅದನ್ನೇ. ಈ ಭಾನುವಾರ ಇಬ್ಬರೂ ಕಾರಿನ ಅಡಿಗೆ ಹೋಗೋಣ. ಸ್ಕ್ರೂಡ್ರೈವರ್ ತಂಗಿಯ ಕೈಯಲ್ಲಿರಲಿ, ಟಾರ್ಚ್ ನಾನು ಹಿಡಿಯುತ್ತೇನೆ. ಚುಚ್ಚಿದಾಗ ಟಣ್ ಅಂದರೆ ಹೊಸ ಟ್ರನಿಯನ್ ತರಿಸೋಣ. ಒಳಗೆ ಇಳಿದರೆ ಮೊದಲು ತಗಡಿನ ಕೆಲಸ, ಸಸ್ಪೆನ್ಷನ್ ಮಾತು ಆಮೇಲೆ. ಅಲ್ಲಿಯವರೆಗೆ ಕಿಟ್ಟಿಗೆ ಮುಂಗಡ ಕಳಿಸುವುದು ಬೇಡ.