ಏಕವಚನ ಬಿಟ್ಟ ಇಂಗ್ಲಿಷಿನವರು

ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಿದ್ದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಪಕ್ಕದ ಮನೆ ಹುಡುಗ, ಇನ್ನೂ ಇಂಜಿನಿಯರಿಂಗ್ ಓದುತ್ತಿರುವವನು, ತಲೆ ಪೂರ್ತಿ ನರೆತ ವಾಚ್‌ಮನ್‌ಗೆ ‘ಏಯ್, ಎಲ್ಲೋಗಿದ್ದೆ? ಗೇಟ್ ತೆಗಿ’ ಅಂದ. ಅದೇ ಬಾಯಲ್ಲಿ ನನಗೆ ‘ಯಾವಾಗ ಬಂದ್ರಿ ಅಂಕಲ್, ಚೆನ್ನಾಗಿದ್ದೀರಾ?’ ಅಂತ ಕೇಳಿದ. ಅಲ್ಲಿದ್ದ ಯಾರಿಗೂ ಏನೂ ಅನಿಸಲಿಲ್ಲ. ನನಗೆ ಚುಚ್ಚಿತು.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಇಲ್ಲಿ ಆಫೀಸಿನ ದೊಡ್ಡ ಸಾಹೇಬರಿಗೂ ‘ಯೂ’, ಕಸ ಗುಡಿಸುವವರಿಗೂ ‘ಯೂ’. ಹಾಗಂತ ಇವರೇನು ಹುಟ್ಟಿನಿಂದ ಹೀಗೇ ಇದ್ದವರಲ್ಲ. ಒಬ್ಬರಿಗೆ ‘ದೌ’, ಹಲವರಿಗೆ ‘ಯೂ’ ಅನ್ನುತ್ತಿದ್ದವರು, 13ನೇ ಶತಮಾನದ ಹೊತ್ತಿಗೆ ಫ್ರೆಂಚರನ್ನು ನೋಡಿ ದೊಡ್ಡವರೊಬ್ಬರಿಗೇ ಬಹುವಚನ ಹಚ್ಚತೊಡಗಿದರು. ಆಮೇಲೆ ‘ದೌ’ ಬೈಗುಳವೂ ಆಯಿತು. 1603ರಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್, ಆರೋಪಿಯಾಗಿ ನಿಂತಿದ್ದ ಹೆಸರಾಂತ ನಾವಿಕ ಸರ್ ವಾಲ್ಟರ್ ರಾಲಿಗೆ ಬೇಕಂತಲೇ ‘ದೌ’ ಅಂದ, ಅದೂ ಒತ್ತಿ ಒತ್ತಿ. ನಮ್ಮ ಪಾರ್ಕಿಂಗ್ ಜಗಳಗಳಲ್ಲಿ ‘ಏಕವಚನದಲ್ಲಿ ಮಾತಾಡ್ಬೇಡಿ’ ಅನ್ನುವ ಹಂತ ಬರುತ್ತಲ್ಲ, ಥೇಟ್ ಅದೇ.

ಅದೇ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವರ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ದೇವರ ಮುಂದೆ ಎಲ್ಲರೂ ಒಂದೇ ಅಂತ ನ್ಯಾಯಾಧೀಶರಿಗೂ ಏಕವಚನ ಬಳಸಿದರು. ಬೈಸಿಕೊಂಡರು, ಏಟೂ ತಿಂದರು. ಕೊನೆಗೆ ಊರು ಹಿಡಿದ ದಾರಿಯೇ ಬೇರೆ. ಯಾರು ದೊಡ್ಡವರು ಅಂತ ಅಳೆಯುವ ತಾಪತ್ರಯವೇ ಬೇಡ ಅನ್ನೋ ಹಾಗೆ ಎಲ್ಲರಿಗೂ ‘ಯೂ’ ಕೊಟ್ಟುಬಿಟ್ಟಿತು. ನಮ್ಮ ಶೆಫೀಲ್ಡ್ ಇರುವ ಯಾರ್ಕ್‌ಷೈರಿನ ಹಳಬರ ಬಾಯಲ್ಲಿ ಮಾತ್ರ ಏಕವಚನ ಇನ್ನೂ ಅಲ್ಲಲ್ಲಿ ಸಿಗುತ್ತದೆ. ಅದರ ‘ದೀ’, ‘ದಾ’ ರೂಪಗಳನ್ನು ‘ಡೀ’, ‘ಡಾ’ ಅಂತ ಉಚ್ಚರಿಸುವ ಶೆಫೀಲ್ಡ್‌ನವರನ್ನು ಪಕ್ಕದ ಬಾರ್ನ್ಸ್‌ಲಿಯವರು ‘ಡೀ-ಡಾ’ಗಳು ಅಂತ ಛೇಡಿಸುತ್ತಾರೆ.

ನಮಗೇನು ಕಷ್ಟ? ಮನೆಗೆಲಸದವರಿಗೆ, ಆಟೋದವರಿಗೆ, ಹೋಟೆಲ್ ಮಾಣಿಗೆ ‘ನೀವು’ ಅಂದರೆ ನಾಲಿಗೆ ಸವೆಯುತ್ತಾ?

ಇಲ್ಲಿ ಮೇಲು-ಕೀಳು ಇಲ್ಲವೇ ಇಲ್ಲ ಅಂತೇನಿಲ್ಲ. ಬಾಯಿ ಬಿಟ್ಟರೆ ಸಾಕು, ಯಾವ ಶಾಲೆಯವರು ಅಂತ ಉಚ್ಚಾರಣೆಯಲ್ಲೇ ಅಳೆದುಬಿಡುತ್ತಾರೆ. ಇನ್ನೊಂದನ್ನೂ ಹೇಳಲೇಬೇಕು, ಇಷ್ಟವಿಲ್ಲದಿದ್ದರೂ. ಹಳೇ ಪ್ರಾರ್ಥನೆಗಳಲ್ಲಿ ದೇವರಿಗೇನೋ ‘ದೌ’ ಉಳಿದಿದೆ. ಅಮ್ಮನಿಗೆ ಮಾತ್ರ ಬ್ಯಾಂಕಿನ ಗುಮಾಸ್ತನಿಗೆ ಅನ್ನುವ ಅದೇ ‘ಯೂ’. ಭಾನುವಾರ ಫೋನಿನಲ್ಲಿ ‘ನೀನು ಮಾತ್ರೆ ತಗೊಂಡ್ಯಾ ಇಲ್ವಾ?’ ಅಂತ ಅಮ್ಮನನ್ನು ಗದರುವ ಸುಖ ಇವರಿಗೆಲ್ಲಿ ಬರಬೇಕು.