ಜೀಪಿನ ತುಕ್ಕೂ ಮೈಲುತುತ್ತದ ಡ್ರಮ್ಮೂ

ನಮ್ಮನೆ ಜೀಪು 1996ರ ಮಾಡೆಲ್, ಡೀಸೆಲ್, ಫೋರ್ ವೀಲ್ ಡ್ರೈವ್. ಕೊಪ್ಪದ ಹತ್ರ ನಮ್ಮ ತೋಟದ ಏರಿಗೆ ಮಳೆಗಾಲದಲ್ಲಿ ಬೇರೆ ಯಾವ ಗಾಡಿನೂ ಹತ್ತಲ್ಲ ಅಂತ ಅಪ್ಪಯ್ಯ ತಗೊಂಡಿದ್ದು. ಇಂಜಿನ್ ಇವತ್ತಿಗೂ ಗಟ್ಟಿ, ಬಾಡಿ ವಿಷ್ಯ ಮಾತ್ರ ಕೇಳ್ಬೇಡಿ ಮಾರಾಯ್ರೆ. 2011ರಲ್ಲಿ 15 ವರ್ಷ ತುಂಬಿ ಆರ್‌ಸಿ ರಿನೀವಲ್‌ಗೆ ಬಂತು, ಆಗ ತುಕ್ಕು ಕೆರೆಸಿ ಪೇಂಟ್ ಹೊಡೆಸಿದ್ವಿ, ಆಮೇಲೆ ಐದೈದು ವರ್ಷಕ್ಕೊಂದ್ಸಲ ರಿನೀವಲ್ ಅಲ್ವಾ, 2016ಕ್ಕೆ ಮತ್ತೆ, 2021ಕ್ಕೆ ಮತ್ತೆ. ಮೂರು ಸಲವೂ ಅದೇ ಜಾಗ! ಹಿಂದಿನ ಫ್ಲೋರು, ಹಿಂದಿನ ಬಾಗಿಲ ಕೆಳಗಡೆ, ಬಾಡಿ ಚಾಸಿ ಮೇಲೆ ಕೂರೋ ಬ್ರಾಕೆಟ್ಟು. ಗಾಡಿ ಆರ್‌ಟಿಓ ಆಫೀಸಿಗೆ ಹೋಗಿ ಬರೋ ತನಕ ಮದುಮಗನ ಥರ ಇರ್ತದೆ, ಎರಡು ಮಳೆಗಾಲ ಕಳೆದ್ರೆ ಮತ್ತೆ ಗುಳ್ಳೆ ಎದ್ದಿರ್ತದೆ.

ನಾವು ಮಳೆನ ಬೈತಿದ್ವಿ. ಬೈಯೋದಕ್ಕೂ ಕಾರಣ ಇದೆ, ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಸುರಿತದೆ, ನಮ್ಗೆ ಅಷ್ಟಿಲ್ದಿದ್ರೂ ಕಮ್ಮಿ ಏನಲ್ಲ. ಆದ್ರೆ ಮೇಲಿನ ಮನೆಯವ್ರದ್ದೂ ಹೆಚ್ಚುಕಮ್ಮಿ ಅದೇ ವಯಸ್ಸಿನ ಜೀಪು, ಅದೇ ಮಳೆ, ಅದೇ ಕೆಸ್ರು, ಅವ್ರದ್ದಕ್ಕೆ ಯಾಕೆ ಇಷ್ಟು ತಿಂದಿಲ್ಲ ಅಂತ ನಾನು ಸುಮಾರು ವರ್ಷ ಯೋಚ್ನೆನೇ ಮಾಡಿರ್ಲಿಲ್ಲ.

ಗೊತ್ತಾಗಿದ್ದು ಔಷಧಿ ಹೊಡೆಯೋ ದಿನ. ಅಡಿಕೆ ಬೆಳೆಯೋರಿಗೆ ಗೊತ್ತಲ್ಲ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟು, 1 ಕೆಜಿ ಸುಣ್ಣ. ಮಿಕ್ಸ್ ಸರಿ ಆಯ್ತಾ ಅಂತ ನೋಡೋಕೆ ಹೊಳೆಯೋ ಕತ್ತಿನ ಅದ್ರೊಳಗೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೀತಾರೆ, ಕತ್ತಿ ಮೇಲೆ ಕೆಂಪಗೆ ತಾಮ್ರ ಹಿಡಿದಿದ್ರೆ ಸುಣ್ಣ ಸಾಲ್ದು ಅಂತ ಲೆಕ್ಕ. ಚಿಕ್ಕಂದಿನಿಂದ ನೋಡಿದ್ದೇ. ಆವತ್ತು ಯಾಕೋ ಕೈಲಿ ಕತ್ತಿ ಹಿಡ್ಕೊಂಡು ಜೀಪಿನ ಹಿಂದೆ ನಿಂತವನಿಗೆ ಥಟ್ ಅಂತ ಹೊಳೀತು, ಕತ್ತಿ ಮೇಲೆ ತಾಮ್ರ ಕೂತಿದೆ ಅಂದ್ರೆ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗಿದೆ ಅಂತಲೇ ಅಲ್ವಾ, ಹಂಗಾದ್ರೆ ಇಷ್ಟು ವರ್ಷದಿಂದ ಮೈಲುತುತ್ತ ಕರಗಿಸಿದ ಡ್ರಮ್ಮು ಏರೀಲಿ ಕುಲುಕಿ ಕುಲುಕಿ ಜೀಪಿನ ಹಿಂದೆ ಚೆಲ್ಲಿದ್ದು ಎಲ್ಲಿಗೆ ಹೋಯ್ತು? ಫ್ಲೋರಿಗೇ. ಮ್ಯಾಟಿನ ಕೆಳಗೆ ನೀಲಿ ನೀಲಿ ಕಲೆ ಇತ್ತು, ನಾವು ನೋಡೇ ಇದ್ವಿ! ಅದೇ ಗಾಡೀಲಿ ಗೊಬ್ಬರದ ಮೂಟೆ ಬೇರೆ. ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡು, ಅಡುಗೆ ಉಪ್ಪಿನ ಅಣ್ಣನೋ ತಮ್ಮನೋ, ಮೂಟೆ ಹರಿದು ಒಂದು ಬೊಗಸೆ ಸಂದಿಗೆ ಬಿದ್ರೆ ಅದು ಗಾಳೀಲಿರೋ ತೇವ ಎಳ್ಕೊಂಡು ಅಲ್ಲೇ ಕೂತು ಕೆಲ್ಸ ಮಾಡ್ತದೆ. ಮೇಲಿನ ಮನೆ ಜೀಪಲ್ಲಿ ಓಡಾಡೋದು ಹಾಲಿನ ಕ್ಯಾನು ಮತ್ತೆ ಜನ.

ಟಿಂಕರಿಂಗ್ ಸಾಬ್ರ ಹತ್ರ ಹೇಳಿದ್ರೆ ನಕ್ರು. "ಗೌಡ್ರೆ, ನೀವು ಎಫ್‌ಸಿಗೆ ರೆಡಿ ಮಾಡಿ ಅಂತೀರಿ, ನಾನು ಎಫ್‌ಸಿಗೆ ರೆಡಿ ಮಾಡ್ತೀನಿ" ಅಂದ್ರು. ಎಫ್‌ಸಿ ಅಂದ್ರೆ ರಿನೀವಲ್‌ಗೆ ಆರ್‌ಟಿಓದವ್ರು ಮಾಡೋ ಫಿಟ್‌ನೆಸ್ ತಪಾಸಣೆ. ತಪ್ಪೇನಿದೆ ಹೇಳಿ. ತೂತಿನ ಮೇಲೆ ತಗಡು ವೆಲ್ಡ್ ಮಾಡಿ, ಪುಟ್ಟಿ ಎಳೆದು, ರೆಡ್ ಆಕ್ಸೈಡ್ ಪ್ರೈಮರು, ಮೇಲೆ ಬಣ್ಣ, ಎಲ್ಲಾ ಹೊರಗಿಂದ. ವೆಲ್ಡಿಂಗ್ ಬಿಸಿಗೆ ತಗಡಿನ ಹಿಂದುಗಡೆ ಇರೋ ಬಣ್ಣ ಸುಟ್ಟು ಬೋಳಾಗಿರ್ತದೆ, ಅಲ್ಲಿಗೆ ಯಾರೂ ಬ್ರಷ್ ಹಾಕಲ್ಲ, ಕಣ್ಣಿಗೆ ಕಾಣಲ್ವಲ್ಲ. ತುಕ್ಕು ಅಲ್ಲಿಂದ ಶುರು. ಕಬ್ಬಿಣ ತುಕ್ಕಾದ್ರೆ ಉಬ್ಬುತ್ತೆ, ನೆನೆಸಿದ ಹುರುಳಿ ಥರ, ಎರಡು ತಗಡಿನ ಮಧ್ಯೆ ಸೇರ್ಕೊಂಡ್ರೆ ಅದನ್ನೇ ಬಿಡಿಸಿ ಹಾಕ್ತದೆ. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ಊಟ ಮುಗಿದಿರ್ತದೆ. ಸುಮ್ನೆ ಹಲಸಿನಕಾಯಿ ತಟ್ಟಿದಂಗೆ ಸಣ್ಣ ಸುತ್ತಿಗೇಲಿ ತಟ್ತಾ ಬನ್ನಿ, ಗಟ್ಟಿ ಇರೋ ಜಾಗ ಠಣ್ ಅಂತದೆ, ಹೋಗಿರೋ ಜಾಗ ದಬ್ ಅಂತದೆ.

ಇನ್ನು ಅಂಡರ್‌ಬಾಡಿ ಕೋಟಿಂಗ್. ನನ್ನ ಪ್ರಕಾರ ಹಳೇ ಗಾಡಿಗೆ ಅದು ದುಡ್ಡು ಕೊಟ್ಟು ಹಚ್ಚಿಸ್ಕೊಳ್ಳೋ ಮುಸುಕು. ತುಕ್ಕಿನ ಮೇಲೇ ಕರೀ ಡಾಂಬರು ಬಳಿತಾರೆ, ಒಂದು ಕಲ್ಲು ಹೊಡೆದು ಬಿರುಕು ಬಿಟ್ರೆ ನೀರು ಒಳಗೆ ಹೋಗ್ತದೆ, ಹೊರಗೆ ಬರಲ್ಲ. ನಮ್ಮದಕ್ಕೆ ಹಚ್ಚಿದವ್ರು ಬಾಗಿಲ ಕೆಳಗಿನ ನೀರು ಬಸಿಯೋ ತೂತೂ ಮುಚ್ಚಿಬಿಟ್ಟಿದ್ರು, ಬಾಗ್ಲು ಅಲ್ಲಾಡ್ಸಿದ್ರೆ ಎಳನೀರಿನ ಥರ ಸದ್ದು! ಫ್ಲೋರಿಗೆ ಅಲ್ಯೂಮಿನಿಯಂ ಚೆಕ್ಕರ್ ಶೀಟ್ ಹಾಕ್ಸಿ ಅಂತ ಹುಡುಗ್ರು ಹೇಳ್ತಾರೆ, ನೋಡೋಕೆ ಚೆಂದ, ಕೆಳಗೆ ಮರಳು ಕೂತು ತೇವ ಹಿಡ್ಕೊಂಡ್ರೆ ಮುಗೀತು ಕಥೆ.

ಈಗ ಮಾಡ್ತಿರೋದು ಇಷ್ಟೇ. ಬೇಸಿಗೇಲಿ ಮ್ಯಾಟು ಸೀಟು ಎಲ್ಲಾ ಕಿತ್ತು ಅಡಿಯಿಂದ ಪ್ರೆಷರ್ ಹಾಕಿ ತೊಳ್ಸಿ, ನಾಲ್ಕು ದಿನ ಅಂಗಳದಲ್ಲಿ ಬಿಸಿಲಿಗೆ ಬಿಡೋದು, ತೂತಿಗೆಲ್ಲ ತಂತಿ ಆಡ್ಸೋದು. ತುಕ್ಕಿರೋ ಕಡೆ ವೈರ್ ಬ್ರಷ್, ಆಮೇಲೆ ಉಳಿದ ತುಕ್ಕನ್ನ ಗಟ್ಟಿ ಪದರ ಮಾಡೋ ರಸ್ಟ್ ಕನ್ವರ್ಟರ್, ಅದ್ರ ಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚೋ ಎಪಾಕ್ಸಿ ಪ್ರೈಮರು. ರೆಡ್ ಆಕ್ಸೈಡ್ ಅಗ್ಗ, ಆದ್ರೆ ಅದ್ರೊಳಗೆ ತೇವ ನುಸುಳ್ತದೆ. ಚಾಸಿ ಒಳಗೆ, ಬಾಗಿಲೊಳಗೆ ಪೈಪ್ ತೂರಿಸಿ ಮೇಣದ ಥರದ ಸ್ಪ್ರೇ. ಅಪ್ಪಯ್ಯನ ಕಾಲದಲ್ಲಿ ಸುಟ್ಟ ಆಯಿಲ್ ಹೊಡೀತಿದ್ರು, ಕೆಲ್ಸ ಮಾಡ್ತಿತ್ತು, ಸುಳ್ಳು ಹೇಳ್ಬಾರ್ದು, ಆದ್ರೆ ರಬ್ಬರ್ ಬುಷ್ ಹಾಳು, ಅಂಗಳವೂ ಹಾಳು. ಕನ್ವರ್ಟರ್‌ಗಳಲ್ಲಿ ಒಂದು ಜಾತಿಯದ್ದು ಟ್ಯಾನಿನ್ ಇರೋದು, ಹಚ್ಚಿದ್ರೆ ತುಕ್ಕು ಕಪ್ಪಾಗ್ತದೆ, ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗೋದೂ ಅದೇ ಲೆಕ್ಕ. ಅಡಿಕೆ ಬೇಯಿಸಿದ ನೀರು, ಚೊಗರು, ಹಚ್ಚಿ ನೋಡಣ ಅಂತ ಒಂದು ಹಳೇ ಗುದ್ದಲಿಗೆ ಬಳಿದಿದ್ದೆ, ಕಪ್ಪೇನೋ ಆಯ್ತು, ಜೀಪಿಗೆ ಬಳಿಯೋ ಧೈರ್ಯ ಮಾಡಿಲ್ಲ, ಮನೆಯವ್ಳು ಆಗ್ಲೇ ಸಾಕಷ್ಟು ನಕ್ಕಿದಾಳೆ.

ಮುಖ್ಯ, ಮೈಲುತುತ್ತದ ಡ್ರಮ್ಮು ಈಗ ಜೀಪು ಹತ್ತಲ್ಲ. ತೋಟದಲ್ಲೇ ಪ್ಲಾಸ್ಟಿಕ್ ಡ್ರಮ್ ಇಟ್ಟು ಅಲ್ಲೇ ಕರಗಿಸೋದು. ಗೊಬ್ಬರ ತರೋದಾದ್ರೆ ದಪ್ಪ ಟಾರ್ಪಲ್ ಹಾಸಿ, ಆವತ್ತೇ ತೊಳೆಯೋದು. ಘಾಟಿ ಇಳಿದು ಮಂಗ್ಳೂರಿಗೋ ಉಡುಪಿಗೋ ಹೋದ್ರೆ ಮೀನಿನ ಲಾರಿ ಹಿಂದೆ ಹೋಗೋದಿಲ್ಲ, ಅದ್ರಿಂದ ಸೋರೋ ನೀರಿನ ವಾಸ್ನೆ ಒಂದು ಕಡೆ, ಉಪ್ಪು ಇನ್ನೊಂದು ಕಡೆ.

ಫ್ಲೋರು ಎರಡು ಮಳೆಗಾಲ ತಡ್ಕೊಂಡಿದೆ. ನಿನ್ನೆ ತೊಳಿವಾಗ ವಿಂಡ್‌ಶೀಲ್ಡ್ ಫ್ರೇಮಿನ ಮೂಲೇಲಿ ಒಂದು ಹೊಸ ಗುಳ್ಳೆ ಕಂಡ್ತು, ಅಲ್ಲಿ ನಾವು ಯಾವತ್ತೂ ಏನೂ ಚೆಲ್ಲಿಲ್ಲ! ಸಾಬ್ರಿಗೆ ಫೋನ್ ಮಾಡಿದ್ರೆ "ಮಳೆ ಹಿಡಿದಿದೆ ಗೌಡ್ರೆ, ಈಗ ಕೆರೀಬೇಡಿ, ಗ್ರೀಸ್ ಬಳಿದು ಬಿಡಿ, ನವರಾತ್ರಿ ಕಳೀಲಿ" ಅಂದ್ರು. ಬಳಿದಿದೀನಿ.